ಸಣ್ಣ ಬ್ಯಾಂಡ್ ಇಷ್ಟ ಆದರೆ ಏನು ಮಾಡಬೇಕು? ಟಿಕೆಟ್ ಕೊಳ್ಳಿ, ಆಮೇಲೆ ಒಂದು ಕೆಲಸ ಕೇಳಿ

ಸಣ್ಣ ಬ್ಯಾಂಡ್‌ಗಳು ಹಾಡು ಬರೆಯಲು ಆಗದೆ ನಿಂತುಹೋಗುವುದು ಕಡಿಮೆ. ಪ್ರಾಕ್ಟೀಸ್ ರೂಮಿನ ಬಾಡಿಗೆ ಕಟ್ಟುವವರು ಯಾರು, ಡ್ರಮ್ಸ್ ಹೊತ್ತು ತರುವವರು ಯಾರು, ಪೋಸ್ಟರ್ ಮಾಡುವವರು ಯಾರು, ರಾತ್ರಿ ಎಲ್ಲ ಮುಗಿದ ಮೇಲೆ ಲೆಕ್ಕ ನೋಡುವವರು ಯಾರು, ಇದೆಲ್ಲ ಅದೇ ಮೂರು ನಾಲ್ಕು ಜನರ ತಲೆ ಮೇಲೆ ಬೀಳುತ್ತದೆ. ಒಂದು ದಿನ ಅವರಿಗೆ ಸಾಕಾಗುತ್ತದೆ. ಕೇಳುವ ಕಿವಿಗಳು ಬೇಕಾದಷ್ಟು ಇರುತ್ತವೆ, ಕೆಲಸಕ್ಕೆ ಕೈ ಜೋಡಿಸುವವರು ಇರುವುದಿಲ್ಲ.

ಹಾಗಾಗಿ ಲೈಕ್ ಒತ್ತಿ ಸುಮ್ನೆ ಕೂರುವುದರ ಬದಲು ಏನೇನು ಮಾಡಬಹುದು ಅಂತ ಬರೆಯುತ್ತಿದ್ದೇನೆ. ಪಂಕ್ ಇರಲಿ, ಮೆಟಲ್ ಇರಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರೇ ಮಾಡುವ ಸಂಗೀತ ಇರಲಿ, ಕಷ್ಟಗಳು ಹೆಚ್ಚುಕಡಿಮೆ ಒಂದೇ.

ಶೋಗೆ ಹೋಗಿ, ಅದೂ ಮೊದಲ ಬ್ಯಾಂಡ್ ಶುರು ಆಗುವ ಮುಂಚೆ

ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಆದರೆ ಶೋ ಎಲ್ಲಿದೆ ಅಂತಾನೇ ಗೊತ್ತಾಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಸರಿಯೇ, ಟಿಕೆಟ್ ಆಪ್ ತೆರೆದರೆ ದೊಡ್ಡ ಕಾರ್ಯಕ್ರಮಗಳೇ ಮೇಲೆ ಕಾಣುತ್ತವೆ. ಅದಕ್ಕೆ ನಾನು ಹೇಳುವುದು, ಬ್ಯಾಂಡ್ ಜೊತೆಗೆ ಜಾಗವನ್ನೂ ಫಾಲೋ ಮಾಡಿ. ನಿಮಗೆ ಇಷ್ಟವಾದ ಬ್ಯಾಂಡ್ ಯಾವ ಹಾಲ್‌ನಲ್ಲಿ, ಯಾವ ಕೆಫೆಯಲ್ಲಿ, ಯಾವ ಬೇಸ್‌ಮೆಂಟ್‌ನಲ್ಲಿ ನುಡಿಸಿತೋ ಅಲ್ಲಿಯವರು ಅದೇ ಥರದ ಇನ್ನೊಂದು ಬ್ಯಾಂಡನ್ನು ಖಂಡಿತ ಕರೆಸುತ್ತಾರೆ. ಪೋಸ್ಟರ್‌ನ ಮೂಲೆಯಲ್ಲಿ ಆಯೋಜಕರ ಹೆಸರು ಸಣ್ಣದಾಗಿ ಇರುತ್ತದೆ, ಅವರನ್ನು ಹುಡುಕಿ ಫಾಲೋ ಮಾಡಿದರೆ ಅರ್ಧ ಕೆಲಸ ಆದಂತೆ. ಪ್ರಾಕ್ಟೀಸ್ ಸ್ಟುಡಿಯೋ ಗೋಡೆ, ವಾದ್ಯ ಮಾರುವ ಅಂಗಡಿಯ ನೋಟಿಸ್ ಬೋರ್ಡು ಈಗಲೂ ಉಪಯೋಗಕ್ಕೆ ಬರುತ್ತವೆ. ಯಾರದೋ ಮನೆಯಲ್ಲಿ ನಡೆಯುವ ಶೋ ಆದರೆ ಪೋಸ್ಟರ್‌ನಲ್ಲಿ ವಿಳಾಸವೇ ಇರುವುದಿಲ್ಲ. ಅದು ಬೇಕಂತಲೇ ಬಿಟ್ಟಿರುವುದು, ಅಕ್ಕಪಕ್ಕದವರು ದೂರು ಕೊಟ್ಟರೆ ಆ ಜಾಗ ಹೋಯಿತು ಅಂತಲೇ. ಬ್ಯಾಂಡ್‌ಗೆ ಮೆಸೇಜ್ ಮಾಡಿ ಕೇಳಿ, ಸಿಕ್ಕ ಮೇಲೆ ಎಲ್ಲರಿಗೂ ಕಾಣುವ ಹಾಗೆ ಎಲ್ಲೂ ಹಾಕಬೇಡಿ.

ಟಿಕೆಟ್ ಮುಂಗಡ ಇದ್ದರೆ ಮುಂಗಡವಾಗಿಯೇ ತಗೊಳ್ಳಿ. ಶೋ ಮಾಡುವವರು ಹಿಂದಿನ ವಾರ ಎಷ್ಟು ಟಿಕೆಟ್ ಹೋಗಿದೆ ಅಂತ ನೋಡಿಕೊಂಡು ಕೂತಿರುತ್ತಾರೆ. ಎಲ್ಲರೂ "ಬಾಗಿಲಲ್ಲೇ ತಗೊಂಡರಾಯಿತು" ಅಂತ ಕೂತರೆ, ಬರುವ ಜನ ಇದ್ದೂ ಶೋ ರದ್ದಾಗುತ್ತದೆ.

ಗೆಸ್ಟ್ ಲಿಸ್ಟ್, ಅಂದರೆ ಪುಕ್ಕಟೆ ಒಳಗೆ ಬಿಡುವವರ ಪಟ್ಟಿ, ಅದರ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಡ್ರಮ್ಮರ್ ನಿಮ್ಮ ಕ್ಲಾಸ್‌ಮೇಟ್ ಆಗಿದ್ದರೆ ನೀವು ಟಿಕೆಟ್ ಕೊಳ್ಳಲೇಬೇಕು. ಸಣ್ಣ ಶೋಗಳು ಬಹಳಷ್ಟು ನಡೆಯುವುದು ಡೋರ್ ಡೀಲ್ ಮೇಲೆ. ಬಾಗಿಲಲ್ಲಿ ಬಂದ ದುಡ್ಡಿನಿಂದ ಮೊದಲು ಜಾಗದ ಬಾಡಿಗೆ ಹೋಗುತ್ತದೆ, ಆಮೇಲೆ ಮೈಕ್, ಸ್ಪೀಕರ್ ನೋಡಿಕೊಂಡ ಸೌಂಡ್‌ನವರಿಗೆ, ಉಳಿದದ್ದನ್ನು ಬ್ಯಾಂಡ್‌ಗಳು ಹಂಚಿಕೊಳ್ಳುತ್ತವೆ. 40 ಜನ ಬಂದ ಶೋನಲ್ಲಿ 15 ಜನ ಸ್ನೇಹಿತರು ಅಂತ ಪುಕ್ಕಟೆ ಒಳಗೆ ಬಂದರೆ, ಆ 15 ಟಿಕೆಟ್ ದುಡ್ಡು ಬಾಡಿಗೆಯಿಂದ ಕಡಿಮೆ ಆಗುವುದಿಲ್ಲ, ಬ್ಯಾಂಡ್ ಪಾಲಿನಿಂದಲೇ ಕಡಿಮೆ ಆಗುವುದು. ಸ್ನೇಹಿತರೇ ದುಡ್ಡು ಕೊಡದಿದ್ದರೆ ಇನ್ಯಾರು ಕೊಡಬೇಕು ಅಲ್ವಾ? ನಿಜಕ್ಕೂ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದನ್ನೇ ಹೇಳಿ, ಒಂದು ಗಂಟೆ ಬಾಗಿಲಲ್ಲಿ ಕೂರುತ್ತೇನೆ ಅನ್ನಿ. ಬಹಳ ಕಡೆ ಸಂತೋಷದಿಂದ ಒಪ್ಪುತ್ತಾರೆ.

ಒಳಗೆ ಹೋದ ಮೇಲೆ ಮುಂದೆ ಬನ್ನಿ. ಎಲ್ಲರೂ ಹಿಂದಿನ ಗೋಡೆಗೆ ಒರಗಿ ನಿಂತು, ವೇದಿಕೆಯ ಮುಂದೆ ಖಾಲಿ ಅರ್ಧಚಂದ್ರ ಒಂದು ಬಿಟ್ಟಿರುತ್ತಾರೆ. ಇಬ್ಬರು ಆ ಖಾಲಿ ಜಾಗಕ್ಕೆ ಹೋಗಿ ನಿಂತರೆ ಉಳಿದವರೂ ಬರುತ್ತಾರೆ. ಮಾತಾಡಬೇಕು ಅಂದರೆ ಹೊರಗೆ ಹೋಗಿ, ಮೆಲ್ಲಗಿನ ಹಾಡಿನಲ್ಲಿ ಹಿಂದಿನಿಂದ ಬರುವ ಹರಟೆ ಹಾಡುವವರಿಗೆ ಚೆನ್ನಾಗಿ ಕೇಳಿಸುತ್ತದೆ. ನಿಮ್ಮ ಸ್ನೇಹಿತರ ಬ್ಯಾಂಡ್ ಮುಗಿದ ತಕ್ಷಣ ಎದ್ದು ಹೋಗಬೇಡಿ. ಇದನ್ನು ಪ್ರೇಕ್ಷಕರಿಗಿಂತ ಜಾಸ್ತಿ ಮಾಡುವುದು ಬೇರೆ ಬ್ಯಾಂಡ್‌ನವರೇ, ತಮ್ಮ ಸೆಟ್ (ಅವತ್ತು ತಮ್ಮ ಸರದಿಯಲ್ಲಿ ನುಡಿಸುವ ಹಾಡುಗಳು) ಮುಗಿಸಿ ಗಿಟಾರ್ ಪೆಟ್ಟಿಗೆ ಹಿಡಿದು ತಮ್ಮ ಜನರನ್ನೆಲ್ಲ ಕರೆದುಕೊಂಡು ಹೊರಟುಬಿಡುತ್ತಾರೆ, ಕೊನೆಯ ಬ್ಯಾಂಡ್ ಸೌಂಡ್‌ನವರಿಗೆ ಮಾತ್ರ ನುಡಿಸಬೇಕಾಗುತ್ತದೆ. ಹೀಗೆ ಮಾಡುವವರ ಜೊತೆ ಎರಡನೇ ಸಲ ಶೋ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ.

ಇಯರ್‌ಪ್ಲಗ್ ಇಟ್ಟುಕೊಳ್ಳಿ. ಸಣ್ಣ ರೂಮಿನಲ್ಲಿ ಡ್ರಮ್ಸ್ ಒಂದೇ ಸಾಕು ಕಿವಿ ಹಾಳು ಮಾಡಲು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಕೊಡುವ ಲೆಕ್ಕ ಹೀಗಿದೆ: 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಜೋರಾದ ಬ್ಯಾಂಡ್‌ನ ಒಂದು ಸೆಟ್ ಅದರ ಎರಡರಷ್ಟು ಇರುತ್ತದೆ. ಇನ್ನೂ ಮೂವತ್ತು ವರ್ಷ ಶೋಗೆ ಹೋಗುವ ಆಸೆ ಇದ್ದರೆ ಇದರಲ್ಲಿ ನಾಚಿಕೆ ಬೇಡ.

ದುಡ್ಡು ಯಾವ ದಾರಿಯಲ್ಲಿ ಕೊಟ್ಟರೆ ಬ್ಯಾಂಡ್‌ಗೆ ತಲುಪುತ್ತದೆ

ಸ್ಟ್ರೀಮಿಂಗ್ ಕೇಳುವುದು ತಪ್ಪೇನಲ್ಲ, ಹೊಸ ಬ್ಯಾಂಡ್ ಹುಡುಕಲು ಒಳ್ಳೆಯದೇ. ಆದರೆ ಅದರಿಂದ ಸಣ್ಣ ಬ್ಯಾಂಡ್‌ಗೆ ದುಡ್ಡು ಬರುತ್ತದೆ ಅಂತ ಅಂದುಕೊಳ್ಳಬೇಡಿ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. 900 ಸಲ ಕೇಳಿದ್ದಾರೆ ಅಂದರೆ ಸೊನ್ನೆ. ಹಾಗಂತ ರಾತ್ರಿಯಿಡೀ ಫೋನ್ ಮ್ಯೂಟ್ ಮಾಡಿ ಒಂದೇ ಹಾಡನ್ನು ತಿರುಗಿಸುವ ಉಪಾಯ ಮಾಡಬೇಡಿ, ಸ್ಟ್ರೀಮ್ ಮಾರುವವರ ಹತ್ತಿರವಂತೂ ಹೋಗಲೇಬೇಡಿ. ನಕಲಿ ಸ್ಟ್ರೀಮ್ ಅಂತ ಅನುಮಾನ ಬಂದರೆ ಹಾಡನ್ನೇ ತೆಗೆದುಹಾಕುತ್ತಾರೆ. ಶಿಕ್ಷೆ ಬ್ಯಾಂಡ್‌ಗೆ, ನಿಮಗಲ್ಲ.

ನೇರವಾಗಿ ಕೊಳ್ಳುವುದು ಬೇರೆಯೇ ಲೆಕ್ಕ. ಬ್ಯಾಂಡ್‌ಗಳು ತಮ್ಮ ಹಾಡು, ವಸ್ತುಗಳನ್ನು ಕೇಳುಗರಿಗೆ ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್ 2008ರಿಂದ ಇದೆ. ಅಲ್ಲಿ ಡಿಜಿಟಲ್ ಹಾಡು, ಆಲ್ಬಮ್ ಕೊಂಡರೆ ಅವರು ಶೇ. 15 ಇಟ್ಟುಕೊಳ್ಳುತ್ತಾರೆ, ಟೀ ಶರ್ಟು, ಕ್ಯಾಸೆಟ್‌ನಂಥ ವಸ್ತು ಕೊಂಡರೆ ಶೇ. 10. ಪಾವತಿಯ ಶುಲ್ಕ ಕಳೆದು ಉಳಿದದ್ದು ಬ್ಯಾಂಡ್‌ಗೆ. 2020ರ ಮಾರ್ಚ್‌ನಲ್ಲಿ, ಕೊರೊನಾದಿಂದ ಶೋಗಳೆಲ್ಲ ನಿಂತಾಗ, ಒಂದು ಶುಕ್ರವಾರ ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಆಮೇಲೆ ಅದೇ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಆಗಾಗ ನಡೆಯತೊಡಗಿತು. ಏನಾದರೂ ಕೊಳ್ಳುವುದಿದ್ದರೆ ಆ ದಿನಕ್ಕೆ ಇಟ್ಟುಕೊಳ್ಳಬಹುದು. ಬಹಳ ಬ್ಯಾಂಡ್‌ಗಳು "ಇಷ್ಟು ಅಥವಾ ಅದಕ್ಕಿಂತ ಜಾಸ್ತಿ" ಅಂತ ಬೆಲೆ ಹಾಕಿರುತ್ತಾರೆ. ಆ ಜಾಸ್ತಿಯ ಖಾನೆ ಅಲಂಕಾರಕ್ಕಲ್ಲ, ಕೈಯಲ್ಲಿದ್ದರೆ ತುಂಬಿ.

ಕೊಂಡ ಹಾಡನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಇದೇ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೈಗೆ ಹೋಯಿತು, 2023ರಲ್ಲಿ ಸಂಗೀತದ ಲೈಸೆನ್ಸ್ ಕಂಪನಿ ಸಾಂಗ್‌ಟ್ರೇಡರ್ ಕೈಗೆ. ಯಾವ ವೇದಿಕೆ ನಾಳೆ ಯಾರ ಕೈಯಲ್ಲಿರುತ್ತದೋ ಯಾರಿಗೆ ಗೊತ್ತು. ಇದೇ ಕಾರಣಕ್ಕೆ ಬ್ಯಾಂಡ್ ಇಮೇಲ್ ಪಟ್ಟಿ ಇಟ್ಟಿದ್ದರೆ ಅದರಲ್ಲಿ ನಿಮ್ಮ ವಿಳಾಸ ಬರೆದುಬನ್ನಿ. ಫಾಲೋವರ್‌ಗಳಿಗೆ ಪೋಸ್ಟ್ ತೋರಿಸಬೇಕೋ ಬೇಡವೋ ಅಂತ ಕಂಪನಿ ತೀರ್ಮಾನಿಸುತ್ತದೆ, ಇಮೇಲ್ ಮಾತ್ರ ನೇರ ಬರುತ್ತದೆ.

ಇನ್ನು ಶೋನಲ್ಲಿ ಇಟ್ಟಿರುವ ಮರ್ಚ್ ಟೇಬಲ್, ಅಂದರೆ ಬ್ಯಾಂಡ್‌ನ ಟೀ ಶರ್ಟು, ಕ್ಯಾಸೆಟ್ ಮಾರುವ ಮೇಜು. ಅಲ್ಲಿ ಕೊಡುವ ದುಡ್ಡು ನೇರ ಬ್ಯಾಂಡ್ ಜೇಬಿಗೆ ಹೋಗುತ್ತದೆ, ಎಷ್ಟೋ ಸಲ ಆ ರಾತ್ರಿ ವಾಪಸ್ ಹೋಗುವ ಪೆಟ್ರೋಲ್ ಬರುವುದು ಇದರಿಂದಲೇ. ದೊಡ್ಡ ವೇದಿಕೆಗಳಲ್ಲಿ ಮರ್ಚ್ ಮೇಲೂ ಜಾಗದವರು ಪಾಲು ಕೇಳುತ್ತಾರೆ, ಸಣ್ಣ ಕಡೆ ಸಾಮಾನ್ಯವಾಗಿ ಇಲ್ಲ. ಟೀ ಶರ್ಟಿಗೆ ಚೌಕಾಸಿ ಮಾಡಬೇಡಿ. ಸಣ್ಣ ಸಂಖ್ಯೆಯಲ್ಲಿ ಪ್ರಿಂಟ್ ಮಾಡಿಸುವಾಗ ಒಂದೊಂದಕ್ಕೂ ಖರ್ಚು ಜಾಸ್ತಿ ಬೀಳುತ್ತದೆ, ದೊಡ್ಡ ಅಂಗಡಿಯ ಬೆಲೆಗೆ ಅವರು ಕೊಡಲಾರರು. ಆಗದಿದ್ದರೆ ಸ್ಟಿಕ್ಕರ್ ತಗೊಳ್ಳಿ, ಬ್ಯಾಡ್ಜ್ ತಗೊಳ್ಳಿ. ಪ್ಲೇಯರ್ ಇಲ್ಲದೆಯೂ ಕ್ಯಾಸೆಟ್ ಕೊಳ್ಳುವವರನ್ನು ನೋಡಿ ನಗುವವರಿದ್ದಾರೆ. ನಗಲಿ ಬಿಡಿ, ಅದರ ಜೊತೆ ಸಾಮಾನ್ಯವಾಗಿ ಡೌನ್‌ಲೋಡ್ ಕೋಡ್ ಬರುತ್ತದೆ, ಬ್ಯಾಂಡ್‌ಗೆ ದುಡ್ಡು ಬರುತ್ತದೆ.

ಪ್ರಿ ಆರ್ಡರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ವಿನೈಲ್ (ಗ್ರಾಮಫೋನ್ ಥರದ ರೆಕಾರ್ಡ್ ತಟ್ಟೆ) ಒತ್ತಿಸುವುದಾದರೆ ನೂರಾರು ಪ್ರತಿಗಳನ್ನು ಒಟ್ಟಿಗೆ ಮಾಡಿಸಬೇಕು, ಕಾರ್ಖಾನೆಗೆ ಮುಂಚೆಯೇ ದುಡ್ಡು ಕಟ್ಟಬೇಕು, ಕೈಗೆ ಬರಲು ತಿಂಗಳುಗಳು ಬೇಕು. ಅಂದರೆ ಬ್ಯಾಂಡ್ ಸಾಲ ಮಾಡಿ ಕಾಯುತ್ತಿರುತ್ತದೆ. ರೆಕಾರ್ಡ್ ಬಂದ ಮೇಲೆ ಕೊಳ್ಳುವ ಹತ್ತು ಜನರಿಗಿಂತ ಬರುವ ಮುಂಚೆ ಕೊಡುವ ಐದು ಜನ ಅವರಿಗೆ ಹೆಚ್ಚು ಉಪಯೋಗ. ಇದೇನು ಹೊಸ ಕಥೆ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಬಝ್‌ಕಾಕ್ಸ್ ಬ್ಯಾಂಡ್ 1977ರ ಜನವರಿಯಲ್ಲಿ ಯಾವ ಕಂಪನಿಯನ್ನೂ ಕಾಯದೆ ತಮ್ಮ ಮೊದಲ ರೆಕಾರ್ಡನ್ನು ತಾವೇ ಹೊರತಂದಾಗ, ಖರ್ಚಿನ ದುಡ್ಡು ಬಂದದ್ದು ಸ್ನೇಹಿತರು ಮತ್ತು ಮನೆಯವರಿಂದ. ಮೊದಲು ಒತ್ತಿಸಿದ್ದು 1,000 ಪ್ರತಿ. ಕವರ್ ಮೇಲೆ ಯಾವ ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಎಷ್ಟು ಓವರ್‌ಡಬ್ (ಆಮೇಲೆ ಮೇಲಿನಿಂದ ಸೇರಿಸಿದ ಭಾಗ) ಅಂತಲೂ ಅಚ್ಚು ಹಾಕಿದ್ದರು, ಕೇಳಿದವರಿಗೆ ಇಷ್ಟೇನಾ, ನಾವೂ ಮಾಡಬಹುದಲ್ಲ ಅನಿಸಲಿ ಅನ್ನುವ ಹಾಗೆ. ಆಮೇಲೆ ಬ್ರಿಟನ್ನಿನಲ್ಲಿ ತಾವೇ ರೆಕಾರ್ಡ್ ಮಾಡಿ ತಾವೇ ಮಾರುವವರ ಸಾಲೇ ಶುರುವಾಯಿತು. ಅವತ್ತು ಸಾಲ ಕೊಟ್ಟ ಸ್ನೇಹಿತರ ಜಾಗದಲ್ಲಿ ಇವತ್ತು ಪ್ರಿ ಆರ್ಡರ್ ಮಾಡುವವರು ಇದ್ದಾರೆ, ಅಷ್ಟೇ.

ಬಾಯಿ ಮಾತು, ಬರಹ, ಫೋಟೋ

"ಸೂಪರ್", "ಬೆಂಕಿ" ಅಂತ ಕಾಮೆಂಟ್ ಹಾಕಿದರೆ ಬ್ಯಾಂಡ್‌ಗೆ ಖುಷಿ ಆಗುತ್ತದೆ, ಆದರೆ ಹೊಸ ಕೇಳುಗರು ಅದರಿಂದ ಬರುವುದಿಲ್ಲ. ಒಬ್ಬ ಸ್ನೇಹಿತರಿಗೆ ಒಂದು ಹಾಡಿನ ಲಿಂಕ್ ಕಳಿಸಿ, "ನಿನಗೆ ಆ ಥರದ್ದು ಇಷ್ಟ ಅಲ್ವಾ, ಇದನ್ನು ಎರಡನೇ ನಿಮಿಷದಿಂದ ಕೇಳು" ಅಂತ ಬರೆದರೆ ಅವರು ಕೇಳುತ್ತಾರೆ. ಇಪ್ಪತ್ತು ಗ್ರೂಪ್‌ಗೆ ಫಾರ್ವರ್ಡ್ ಮಾಡಿದ್ದನ್ನು ಯಾರೂ ತೆರೆಯುವುದಿಲ್ಲ.

ಬರೆಯುವ ಅಭ್ಯಾಸ ಇದ್ದರೆ ಶೋ ಬಗ್ಗೆ ಅರ್ಧ ಪುಟ ಬರೆಯಿರಿ. ಯಾರೂ ಬರೆಯದ ಕಾರಣಕ್ಕೇ ಎಷ್ಟೋ ಒಳ್ಳೆಯ ಬ್ಯಾಂಡ್‌ಗಳು ಐದು ವರ್ಷದ ನಂತರ ಇದ್ದವೋ ಇಲ್ಲವೋ ಅನ್ನುವ ಹಾಗೆ ಆಗಿಬಿಡುತ್ತವೆ. ಎಲ್ಲವನ್ನೂ ಹೊಗಳಬೇಕಾಗಿಲ್ಲ. ಗಿಟಾರ್ ಜೋರಾಗಿ ಹಾಡಿನ ಪದ ಕೇಳಿಸಲಿಲ್ಲ ಅಂತ ಬರೆದರೆ ಆಕಾಶ ಬೀಳುವುದಿಲ್ಲ, ನಿಮ್ಮ ಹೊಗಳಿಕೆಗೆ ಬೆಲೆ ಬರುವುದೇ ಆಗ. ನಾಲ್ಕು ಜನ ಸೇರಿ ಜೆರಾಕ್ಸ್ ಮಾಡಿ ಸ್ಟೇಪ್ಲರ್ ಹೊಡೆದು ಒಂದು ಝೀನ್, ಅಂದರೆ ಕೈಯಲ್ಲೇ ಮಾಡಿದ ಪುಟ್ಟ ಪತ್ರಿಕೆ, ಮಾಡಿದರೆ ಇನ್ನೂ ಚೆಂದ, ಮರ್ಚ್ ಟೇಬಲ್ ಮೇಲೆ ಇಡಲು ಯಾರೂ ಬೇಡ ಅನ್ನುವುದಿಲ್ಲ. ಕಾಲೇಜು ರೇಡಿಯೋ, ಸಮುದಾಯ ರೇಡಿಯೋ ಇದ್ದರೆ ಹಾಡು ಹಾಕಿ ಅಂತ ಕೇಳಿ, ಅಂಥ ಕಡೆ ಕೇಳುಗರು ಫೋನ್ ಮಾಡಿ ಕೇಳುವುದಕ್ಕೆ ಈಗಲೂ ಬೆಲೆ ಇದೆ.

ಫೋಟೋ ತೆಗೆಯುವವರು ಫ್ಲ್ಯಾಶ್ ಬಿಟ್ಟುಬಿಡಿ. ಚೆನ್ನಾಗಿ ಬಂದಿದ್ದನ್ನು ಪೂರ್ತಿ ಸೈಜ್‌ನಲ್ಲಿ ಬ್ಯಾಂಡ್‌ಗೆ ಕಳಿಸಿ. ಪೋಸ್ಟರ್‌ಗೆ ಒಂದು ಒಳ್ಳೆಯ ಫೋಟೋ ಇಲ್ಲದೆ ಒದ್ದಾಡುವ ಬ್ಯಾಂಡ್‌ಗಳೇ ಜಾಸ್ತಿ. ವಿಡಿಯೋ ಆದರೆ ಒಂದು ಹಾಡಿನ ಒಂದು ತುಣುಕು ಸಾಕು, ಬ್ಯಾಂಡ್ ಹೆಸರು ಸರಿಯಾಗಿ ಬರೆಯಿರಿ. ಇನ್ನೂ ಹೊರಬರದ ಹೊಸ ಹಾಡಾದರೆ ಹಾಕಬಹುದಾ ಅಂತ ಕೇಳಿ.

ಕೆಲಸ ಕೇಳಿ ತಗೊಳ್ಳಿ

ಇಲ್ಲಿಗೆ ಬರುವವರು ಕಡಿಮೆ, ಆದರೆ ಇದರಿಂದಲೇ ಎಲ್ಲ ನಡೆಯುವುದು. "ಏನಾದರೂ ಸಹಾಯ ಬೇಕಾ?" ಅಂತ ಕೇಳಿದರೆ ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ, ಸಂಕೋಚ. ಒಂದು ಕೆಲಸದ ಹೆಸರು ಹೇಳಿಯೇ ಕೇಳಿ. ನಿಮ್ಮ ಸೆಟ್ ನಡೆಯುವಾಗ ಮರ್ಚ್ ಟೇಬಲ್ ನಾನು ನೋಡಿಕೊಳ್ಳಲಾ? ಬಾಗಿಲಲ್ಲಿ ನಾನು ಕೂರಲಾ? ನನ್ನ ಹತ್ತಿರ ಕಾರಿದೆ, ಆಂಪ್ಲಿಫೈಯರ್ ತರಲಾ? ಬೇರೆ ಊರಿನ ಬ್ಯಾಂಡ್ ಬಂದರೆ ನಮ್ಮ ಮನೆಯಲ್ಲಿ ಮಲಗಲಿ, ಚಾಪೆ ಇದೆ, ಬೆಳಗ್ಗೆ ಸ್ನಾನಕ್ಕೆ ನೀರಿದೆ. ಟೂರ್‌ನಲ್ಲಿರುವ ಬ್ಯಾಂಡ್‌ಗೆ ಹೋಟೆಲ್ ಖರ್ಚು ಉಳಿದರೆ ಅವತ್ತಿನ ಶೋ ಲಾಭಕ್ಕೆ ಬಂದಂತೆ.

ಕೇಳುಗರೇ ಕೆಲಸ ಹಂಚಿಕೊಂಡು ಜಾಗ ನಡೆಸಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ 924 ಗಿಲ್ಮನ್ ಸ್ಟ್ರೀಟ್ ನೋಡಿ. 1986ರ ಡಿಸೆಂಬರ್ 31ರಂದು ಶುರುವಾದ ಜಾಗ. ಬಾಗಿಲು, ಸೌಂಡ್, ಬುಕಿಂಗ್, ಗುಡಿಸುವುದು, ಎಲ್ಲವೂ ಸ್ವಯಂಸೇವಕರದ್ದು. ಮದ್ಯ ಮಾರುವುದಿಲ್ಲ, ಹಾಗಾಗಿ ಯಾವ ವಯಸ್ಸಿನವರೂ ಬರಬಹುದು. ಈ ವಯಸ್ಸಿನ ವಿಷಯ ಸಣ್ಣದಲ್ಲ. ಬಾರ್‌ನಲ್ಲಿ ಮಾತ್ರ ಶೋ ನಡೆಯುವ ಕಡೆ ಹದಿನಾರು ವರ್ಷದವರು ಹೊರಗೇ ಉಳಿಯುತ್ತಾರೆ, ಆದರೆ ಮುಂದಿನ ಬ್ಯಾಂಡ್ ಕಟ್ಟುವವರು ಅವರೇ. ವಾಷಿಂಗ್ಟನ್ ಡಿ.ಸಿ.ಯ ಫುಗಾಝಿ ಬ್ಯಾಂಡ್ ಹೆಸರು ಮಾಡಿದ ಮೇಲೂ ಟಿಕೆಟ್ 5 ಡಾಲರ್ ಆಸುಪಾಸಿನಲ್ಲೇ ಇರಬೇಕು, ಎಲ್ಲ ವಯಸ್ಸಿನವರನ್ನೂ ಬಿಡಬೇಕು ಅಂತ ಹಟ ಹಿಡಿದದ್ದು ಇದಕ್ಕೇ. ಕಡಿಮೆ ಟಿಕೆಟ್‌ನಲ್ಲಿ ನಡೆಯಬೇಕು ಅಂದರೆ ಬೇರೆ ಎಲ್ಲ ಖರ್ಚೂ ಇಳಿಯಬೇಕು, ಖರ್ಚು ಇಳಿಯುವುದು ಕೆಲಸಕ್ಕೆ ಜನ ಇದ್ದಾಗ.

ಇನ್ನೊಂದು ಸಣ್ಣ ಕೆಲಸ, ಯಾರೂ ನೆನಪಿಟ್ಟುಕೊಳ್ಳದ್ದು. ಹಾಡು ಬರೆದವರು ರಾಯಲ್ಟಿ ಸಂಗ್ರಹಿಸುವ ಸಂಘದ ಸದಸ್ಯರಾಗಿದ್ದರೆ, ಶೋ ನಡೆದ ಜಾಗ ಆ ಸಂಘದಿಂದ ಪರವಾನಗಿ ಪಡೆದಿದ್ದರೆ, ಅವತ್ತು ನುಡಿಸಿದ ಹಾಡುಗಳ ಪಟ್ಟಿ ಕೊಟ್ಟು ದುಡ್ಡು ಪಡೆಯುವ ವ್ಯವಸ್ಥೆ ಬಹಳ ದೇಶಗಳಲ್ಲಿ ಇದೆ. ಬ್ಯಾಂಡ್‌ನವರು ಸುಸ್ತಾಗಿ ಮರೆಯುತ್ತಾರೆ. ನೆಲದ ಮೇಲೆ ಬಿದ್ದಿರುವ ಸೆಟ್‌ಲಿಸ್ಟ್ ಫೋಟೋ ತೆಗೆದು ಅವರಿಗೆ ಕಳಿಸಿ, ಆಮೇಲೆ ಬೇಕಾದರೆ ಆ ಚೀಟಿ ನೀವೇ ಇಟ್ಟುಕೊಳ್ಳಿ.

ಜಾಗ ಎಲ್ಲರಿಗೂ ಸುರಕ್ಷಿತವಾಗಿರಬೇಕು, ಅದನ್ನು ನೋಡಿಕೊಳ್ಳುವುದೂ ಕೆಲಸವೇ. ಮುಂದೆ ತಳ್ಳಾಟದಲ್ಲಿ ಯಾರಾದರೂ ಬಿದ್ದರೆ ತಕ್ಷಣ ಎತ್ತಿ. ಯಾರಿಗೋ ಕಿರುಕುಳ ಆಗುತ್ತಿದೆ ಅಂತ ಕಂಡರೆ ಬಾಗಿಲಲ್ಲಿರುವವರಿಗೆ ಹೇಳಿ, "ನಮ್ಮ ಹುಡುಗನೇ, ಕುಡಿದಿದ್ದಾನೆ ಬಿಡಿ" ಅನ್ನುವ ಮಾತು ಕೇಳಿಬಂದರೂ ಬಿಡಬೇಡಿ. ಒಂದು ಸಲ ಕೆಟ್ಟ ಅನುಭವ ಆದವರು ಮತ್ತೆ ಬರುವುದಿಲ್ಲ, ಜೊತೆಗೆ ಅವರ ಸ್ನೇಹಿತೆಯರೂ ಬರುವುದಿಲ್ಲ.

ನೀವೇ ಒಂದು ಶೋ ಮಾಡುವುದು

ಕೇಳಲು ಭಯ ಅನಿಸುತ್ತದೆ, ಆದರೆ ಚಿಕ್ಕದಾಗಿ ಮಾಡಿದರೆ ಆಗುತ್ತದೆ. ಮೊದಲ ಸಲ ಮೂರು ಬ್ಯಾಂಡ್ ಸಾಕು. ನಾಲ್ಕಾದರೆ ಕೊನೆಯವರು ಬರುವಷ್ಟರಲ್ಲಿ ಜನ ಕೊನೆಯ ಬಸ್ಸಿಗೆ ಹೋಗಿರುತ್ತಾರೆ. ಅದೇ ದಿನ ಅದೇ ಥರದ ಇನ್ನೊಂದು ಶೋ ಇದೆಯಾ ಅಂತ ನೋಡಿ ದಿನ ಇಟ್ಟುಕೊಳ್ಳಿ, ಇರುವ ಅಷ್ಟೇ ಜನರನ್ನು ಎರಡು ಕಡೆ ಹಂಚುವುದು ಬೇಡ. ಜಾಗ ಅನ್ನುವುದು ದೊಡ್ಡ ಹಾಲ್ ಆಗಬೇಕಿಲ್ಲ. 50 ಜನ ಹಿಡಿಸುವ ರೂಮಿನಲ್ಲಿ 40 ಜನ ಇದ್ದರೆ ಹಬ್ಬ, ಅದೇ 40 ಜನ 300 ಜನರ ಹಾಲ್‌ನಲ್ಲಿ ನಿಂತರೆ ಬ್ಯಾಂಡ್‌ಗೂ ಬೇಜಾರು, ನೋಡುವವರಿಗೂ ಬೇಜಾರು. ಅನುಮತಿ ಏನು ಬೇಕು, ಹೊರಗೆ ಹೋಗುವ ಎರಡನೇ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿಲ್ಲ ತಾನೇ, ಇವನ್ನು ಮುಂಚೆಯೇ ನೋಡಿ. ಅಕ್ಕಪಕ್ಕದವರಿಗೆ ಇಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಿ, ಹೇಳಿದ ಹೊತ್ತಿಗೆ ಮುಗಿಸಿ.

ಸಣ್ಣ ರೂಮಾದರೆ ಎಲ್ಲಕ್ಕೂ ಮೈಕ್ ಬೇಡ. ಡ್ರಮ್ಸ್ ತಾನಾಗಿಯೇ ಕೇಳಿಸುತ್ತದೆ, ಗಿಟಾರ್, ಬೇಸ್ ತಮ್ಮ ಆಂಪ್ಲಿಫೈಯರ್‌ನಲ್ಲೇ ಸಾಕು, ಹಾಡುವ ಧ್ವನಿಗೆ ಮಾತ್ರ ಸ್ಪೀಕರ್ ಬೇಕು. ಒಂದೇ ಡ್ರಮ್ ಸೆಟ್ ಮೂರೂ ಬ್ಯಾಂಡ್ ಹಂಚಿಕೊಳ್ಳಲಿ, ಅದನ್ನು ಯಾರು ತರುತ್ತಾರೆ ಅಂತ ಮುಂಚೆಯೇ ತೀರ್ಮಾನ ಆಗಲಿ. ಸ್ನೇರ್ (ಮುಂದಿನ ಚಿಕ್ಕ ಡ್ರಮ್), ಸಿಂಬಲ್ (ತಾಳದ ತಟ್ಟೆ), ಕಿಕ್ ಪೆಡಲ್ (ದೊಡ್ಡ ಡ್ರಮ್ ಬಾರಿಸುವ ಕಾಲಿನ ಪೆಡಲ್) ಮಾತ್ರ ಪ್ರತಿಯೊಬ್ಬ ಡ್ರಮ್ಮರ್ ತಮ್ಮದೇ ತರಬೇಕು, ಒಡೆಯುವುದೂ ಸವೆಯುವುದೂ ಅವೇ. ಒಂದೊಂದು ಬ್ಯಾಂಡ್‌ಗೆ 30 ನಿಮಿಷ, ನಡುವೆ ಬದಲಾಯಿಸಲು 15 ನಿಮಿಷ ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬೇರೆ ಊರಿನಿಂದ ಬಂದ ಬ್ಯಾಂಡನ್ನು ನಡುವೆ ಇಡಿ. ಅವರನ್ನು ಕೊನೆಗೆ ಇಡುವುದು ಗೌರವ ಅಂತ ಕಾಣುತ್ತದೆ, ಆದರೆ ಊರಿನ ಬ್ಯಾಂಡ್ ನೋಡಲು ಬಂದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ.

ದುಡ್ಡಿನ ಮಾತು ಮೆಸೇಜ್‌ನಲ್ಲಿ ಇರಲಿ. ಬಾಡಿಗೆ ಇಷ್ಟು, ಸೌಂಡ್‌ಗೆ ಇಷ್ಟು, ಉಳಿದದ್ದರಲ್ಲಿ ದೂರದಿಂದ ಬಂದವರಿಗೆ ಮೊದಲು ಪ್ರಯಾಣದ ಖರ್ಚು, ಆಮೇಲೆ ಸಮಪಾಲು, ಹೀಗೆ ಏನೋ ಒಂದು ಮೊದಲೇ ಬರೆದು ಎಲ್ಲರಿಂದ ಸರಿ ಅನ್ನಿಸಿಕೊಳ್ಳಿ. "ದುಡ್ಡಿಲ್ಲ, ಆದರೆ ನಿಮಗೆ ಒಳ್ಳೆ ಪ್ರಚಾರ ಸಿಗುತ್ತದೆ" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಬ್ಯಾಂಡ್‌ನವರೇ ಇಷ್ಟು ಟಿಕೆಟ್ ಮಾರಬೇಕು, ಮಾರದಿದ್ದರೆ ಕೈಯಿಂದ ಕಟ್ಟಬೇಕು ಅನ್ನುವ ಆಯೋಜಕರೂ ಇದ್ದಾರೆ. ಅಂಥವರ ಶೋಗೆ ನಾನು ಹೋಗುವುದಿಲ್ಲ, ನೀವೂ ಯೋಚನೆ ಮಾಡಿ.

ಬಾಗಿಲಲ್ಲಿ ಎಷ್ಟು ಜನ ಬಂದರು ಅಂತ ಗೆರೆ ಎಳೆದು ಎಣಿಸಿ. ರಾತ್ರಿ ಎಲ್ಲ ಬ್ಯಾಂಡ್‌ನವರ ಎದುರಿಗೇ ದುಡ್ಡು ಎಣಿಸಿ, ಆ ಹಾಳೆ ತೋರಿಸಿ, ಅಲ್ಲೇ ಹಂಚಿ. ದುಡ್ಡು ಕಡಿಮೆ ಬಂದ ರಾತ್ರಿಯೂ ಲೆಕ್ಕ ತೆರೆದಿಟ್ಟವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಆಮೇಲೆ ಕುರ್ಚಿ ಜೋಡಿಸಿ, ನೆಲ ಗುಡಿಸಿ, ಟೇಪ್ ಕಿತ್ತು, ಕೀ ವಾಪಸ್ ಕೊಡುವಾಗಲೇ ಮುಂದಿನ ತಿಂಗಳು ಯಾವ ದಿನ ಖಾಲಿ ಇದೆ ಅಂತ ಕೇಳಿ. ರೂಮನ್ನು ಚೊಕ್ಕವಾಗಿ ಬಿಟ್ಟಿದ್ದರೆ ಸಾಮಾನ್ಯವಾಗಿ ಸಿಗುತ್ತದೆ.